ಸ್ಟಾರ್ ಹಾಕಿದ ಪ್ರಶ್ನೆ

ಕಳೆದ ವರ್ಷ ಒಂದು ಸ್ವಯಂಸೇವಾ ಸಂಸ್ಥೆಗೆ ಪುಕ್ಕಟೆ ಆ್ಯಪ್ ಮಾಡ್ಕೊಡ್ತೀನಿ ಅಂತ ಒಪ್ಕೊಂಡೆ. ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ಮಾಹಿತಿ ತುಂಬುವ ಆ್ಯಪ್. 34 ಕಾಲಂ, ಅರ್ಧಕ್ಕೆ ಸ್ಟಾರ್. ಅಂದ್ರೆ ತುಂಬದೆ ಮುಂದೆ ಹೋಗೋ ಹಾಗಿಲ್ಲ. ಸಮಾಜಕಾರ್ಯಕ್ಕೆ ಒಳ್ಳೇ ಮನಸ್ಸು, ಒಂದಿಷ್ಟು ಪುರುಸೊತ್ತು ಇದ್ರೆ ಸಾಕು ಅನ್ನೋದು ನನ್ನ ಲೆಕ್ಕ. ಎಂಎಸ್‌ಡಬ್ಲ್ಯೂ ಅಂತ ಎರಡು ವರ್ಷ ಓದೋಕೆ ಅದರಲ್ಲಿ ಏನಿದೆ ಅಂತಲೂ ಅನ್ನಿಸಿತ್ತು, ಸುಳ್ಳು ಹೇಳಲ್ಲ.

ಟೆಸ್ಟಿಂಗ್‌ಗೆ ಅಂತ ಅಲ್ಲಿನ ಮೇಡಂ ಜೊತೆ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡಿಗೆ ಹೋದೆ. ಟ್ಯಾಬ್ ತೆಗೆದು ಮೊದಲ ಸ್ಟಾರ್ ಪ್ರಶ್ನೆ ಕೇಳಿದೆ: "ಅಪ್ಪ ಏನ್ ಕೆಲಸ ಮಾಡ್ತಾರಮ್ಮ?" ಹುಡುಗಿ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಮೇಡಂ ನನಗೆ ಏನೂ ಅನ್ನಲಿಲ್ಲ. ತಾಯಿಯ ಪಕ್ಕ ನೆಲದ ಮೇಲೆ ಕೂತು, ಆಕೆ ಆರಿಸುತ್ತಿದ್ದ ಅಕ್ಕಿಗೆ ತಾವೂ ಕೈ ಹಾಕಿದರು. ಊರು, ಮಳೆ, ತೊಗರಿ ಬೆಳೆ. ಮುಕ್ಕಾಲು ಗಂಟೆ ಪೆನ್ನು ಮುಟ್ಟಲಿಲ್ಲ. ಹೊರಡೋ ಹೊತ್ತಿಗೆ ಆ ತಾಯಿ ದನಿ ತಗ್ಗಿಸಿ, "ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ, ಮುಂದಿನ ತಿಂಗಳ ಈಕೀದು ಲಗ್ನ ಅದರಿ" ಅಂದಳು.

ನಾನಾಗಿದ್ರೆ ಹೇಳಲ್ಲ ಅಂತ ಭಾಷೆ ಕೊಡ್ತಿದ್ದೆ, ಇಲ್ಲಾ ಕಾನೂನು ಹೇಳಿ ಹೆದರಿಸ್ತಿದ್ದೆ. ಮೇಡಂ ಎರಡೂ ಮಾಡಲಿಲ್ಲ. "ಮಗಳಿಗೆ ತೊಂದರೆ ಆಗೋ ವಿಷಯ ಮುಚ್ಚಿಡ್ತೀನಿ ಅಂತ ಹೇಳಲಾರೆ ಕಣಮ್ಮ" ಅಂದು, ಯಾಕಿಷ್ಟು ಅವಸರ ಅಂತ ಕೇಳಿದರು. ತಾಯಿ ಕೆಲಸಕ್ಕೆ ಹೋದರೆ ಹಗಲೆಲ್ಲ ಶೆಡ್ಡಲ್ಲಿ ಹುಡುಗಿ ಒಬ್ಬಳೇ. ಹೆದರಿಕೆ, ಅಷ್ಟೇ.

ಬಸ್ಸಲ್ಲಿ ಕೂತ ತಕ್ಷಣ ನೋಟ್‌ಬುಕ್ ತೆಗೆದರು. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ತಮಗೆ ಅನ್ನಿಸಿದ್ದು. ಎರಡೂ ಬೆರೆತರೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ವರದಿ ನಿಲ್ಲಲ್ಲವಂತೆ. ಆಮೇಲೆ 1098ಕ್ಕೆ ಫೋನು. ಜೊತೆಗೇ ಕಸ್ತೂರಬಾ ಬಾಲಿಕಾ ವಿದ್ಯಾಲಯದಲ್ಲಿ ಸೀಟು ಇದೆಯಾ ಅಂತ ವಿಚಾರಣೆ. ಬರೀ ಮದುವೆ ನಿಲ್ಲಿಸಿದ್ರೆ ಹುಡುಗಿ ಮತ್ತೆ ಅದೇ ಶೆಡ್ಡಿಗೆ ತಾನೆ?

(ಗುರುತು ಸಿಗೋ ವಿವರ ಬದಲಿಸಿದ್ದೇನೆ. ಇಂಥ ಮಕ್ಕಳ ಗುರುತು ಪತ್ರಿಕೆಯಲ್ಲಿ ಬಯಲು ಮಾಡೋದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.)

ಎರಡು ತಿಂಗಳಾದ ಮೇಲೆ "ಆ ಹುಡುಗಿ ಏನಾದಳು ಮೇಡಂ?" ಅಂತ ಕೇಳಿದೆ. "ನೀವು ಆ್ಯಪ್ ಮಾಡೋರು. ನಿಮಗ್ಯಾಕೆ ಬೇಕು ಅದು?" ಅಂದರು, ನಗ್ತಾನೇ. ಬೇಜಾರಾಯ್ತು. ಡೇಟಾಬೇಸ್‌ನ ಅಡ್ಮಿನ್ ನಾನೇ, ಹೆಸರು ಹಾಕಿ ಹುಡುಕಿದ್ರೆ ಒಂದು ನಿಮಿಷದ ಕೆಲಸ. ಹುಡುಕಲಿಲ್ಲ. ಆವತ್ತು ರಾತ್ರಿಯೇ ಕೂತು, ಕೇಸಿನ ವಿವರ ಅಡ್ಮಿನ್‌ಗೂ ಕಾಣದ ಹಾಗೆ ಬದಲಿಸಿದೆ. ಸ್ಟಾರ್‌ಗಳನ್ನೂ ತೆಗೆದೆ, ಒಂದನ್ನು ಬಿಟ್ಟು: ಮನೆಗೆ ಹೋದ ದಿನಾಂಕ.