ಅನಂತಪುರದ ಕೆರೆಯ ದಂಡೆಗೊಂದು ಬಸ್ಸು

ಕುಂಬಳೆಯಿಂದ ಐದಾರು ಕಿಲೋಮೀಟರು ದೂರದ ಅನಂತಪುರದ ಹೆಸರನ್ನು ಕೇಳದವರು ಈಗ ಕಡಿಮೆ. 2022ರ ಅಕ್ಟೋಬರಿನಲ್ಲಿ ಅಲ್ಲಿಯ ಸರೋವರದ ಮೊಸಳೆ ಬಬಿಯಾ ತೀರಿಕೊಂಡಾಗ ದೂರದೂರದ ಪತ್ರಿಕೆಗಳೂ ಬರೆದುವು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಾಗ ಮತ್ತೊಮ್ಮೆ ಬರೆದುವು. ಮೊಸಳೆಗೆ ದೊರೆತ ಪ್ರಚಾರದ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಕೆರೆಯ ಸುತ್ತಿನ ಮನೆಗಳ ಮಕ್ಕಳು ಬೆಳಿಗ್ಗೆ ಶಾಲೆಗೆ ಹೇಗೆ ಹೋಗುತ್ತಾರೆಂದು ಯಾರೂ ಬರೆದುದನ್ನು ನಾವು ಕಂಡಿಲ್ಲ.

ಊರಿನ ನೆಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲೆ ಮುರಕಲ್ಲಿನ ಬೋಳು ಪದವು; ಮಳೆಗಾಲದಲ್ಲಿ ಹಸಿರು ಹುಲ್ಲು, ಎಪ್ರಿಲಿನಲ್ಲಿ ಕಾದ ಬಾಣಲೆ. ಅದರ ತಗ್ಗಿನಲ್ಲಿ ಸುಮಾರು ಮುನ್ನೂರು ಅಡಿ ಚೌಕದ ಕೆರೆ, ನಡುವೆ ಅನಂತಪದ್ಮನಾಭನ ಗುಡಿ. ತಿರುವನಂತಪುರದ ದೇವರಿಗೆ ಇದೇ ಮೂಲಸ್ಥಾನವೆಂಬುದು ನಮ್ಮವರ ನಂಬಿಕೆ. ಮನೆಗಳು ಮಾತ್ರ ನೀರು ಸಿಕ್ಕಿದಲ್ಲಿ, ಅಡಿಕೆ ತೋಟಗಳ ಬದಿಯಲ್ಲಿ, ಒಂದು ಇಲ್ಲಿ ಒಂದು ಅಲ್ಲಿ. ಪಶ್ಚಿಮಕ್ಕೆ ಕುಂಬಳೆಯ ರೈಲು ನಿಲ್ದಾಣ ಮತ್ತು ರಾಷ್ಟ್ರೀಯ ಹೆದ್ದಾರಿ. ಪೂರ್ವಕ್ಕೆ ಸೀತಾಂಗೋಳಿ, ಬದಿಯಡ್ಕ. ಇವನ್ನು ಕೂಡಿಸುವ ಮುಖ್ಯ ರಸ್ತೆಯಲ್ಲಿ ಬಸ್ಸುಗಳಿಗೆ ಬರವಿಲ್ಲ. ನಾಯ್ಕಾಪಿನಲ್ಲಿ ಇಳಿದ ಮೇಲಿನ ಒಳದಾರಿಯೇ ತೊಂದರೆ. ಕೆರೆ ನೋಡಲು ಬರುವವರು ಕಾರಿನಲ್ಲಿ ಬರುತ್ತಾರೆ, ಅವರಿಗೆ ಇದು ಐದು ನಿಮಿಷ. ಚೀಲ ಹೊತ್ತ ಮಗುವಿಗೆ ಜೂನಿನ ಗಾಳಿಮಳೆಯಲ್ಲಿ, ಕೊಡೆ ಮಗುಚಿಹೋಗುವ ಪದವಿನ ಮೇಲೆ, ಅದೇ ದಾರಿ ಬೇರೆಯೇ.

ಆಂಗ್ಲ ಮಾಧ್ಯಮ ಶಾಲೆಯ ವ್ಯಾನು ಇಂತಹ ಕಡೆಗೂ ಅಂಗಳದವರೆಗೆ ಬರುತ್ತದೆ. ಕನ್ನಡ ಶಾಲೆಗಳಲ್ಲಿ ಎಷ್ಟಕ್ಕೆ ವ್ಯಾನು ಇದೆ? ಮಕ್ಕಳನ್ನು ಸೇರಿಸಿರೆಂದು ಮನೆಮನೆಗೆ ಹೋದಾಗ ಒಬ್ಬ ತಾಯಿ ನಮ್ಮೊಡನೆ ಹೇಳಿದ ಮಾತು ಮರೆಯುವುದಿಲ್ಲ: "ಕನ್ನಡ ಬೇಡಾಂತ ಅಲ್ಲ ಮಾಷ್ಟ್ರೇ, ಆ ಪದವಿನಲ್ಲಿ ಹುಡುಗಿಯನ್ನು ಒಬ್ಬಳೇ ಕಳಿಸುವುದು ಹೇಗೆ?" ನಮ್ಮಲ್ಲಿ ಉತ್ತರವಿರಲಿಲ್ಲ. ಭಾಷಾಭಿಮಾನದ ಭಾಷಣ ಮಾಡಬಹುದಿತ್ತು, ಮಾಡಲಿಲ್ಲ. ಅಧ್ಯಾಪಕರಲ್ಲೇ ಕೆಲವರ ಮಕ್ಕಳು ಆ ವ್ಯಾನಿನಲ್ಲಿ ಹೋಗುವಾಗ ಯಾವ ಬಾಯಿಂದ ಹೇಳುವುದು?

ಶಾಲೆ ತೆರೆದ ಆರನೆಯ ದಿನ ತಲೆ ಎಣಿಸಿ ಅಧ್ಯಾಪಕರ ಸಂಖ್ಯೆ ನಿಗದಿಯಾಗುವ ಪದ್ಧತಿ ವಾಚಕರಿಗೆ ತಿಳಿದದ್ದೇ. ಎರಡು ಮೂರು ಮನೆಯ ಮಕ್ಕಳು ಕಡಿಮೆಯಾದರೆ ಒಂದು ಡಿವಿಜನ್ ಹೋಯಿತು, ಹೋದದ್ದು ಹಿಂದಿರುಗುವುದು ಅಪೂರ್ವ. ಹಾಗಾಗಿ ಬಸ್ಸಿನ ಪ್ರಶ್ನೆಯನ್ನು ನಾವು ಕನ್ನಡದ ಪ್ರಶ್ನೆಯಿಂದ ಬೇರೆಯೆಂದು ಎಣಿಸುವುದಿಲ್ಲ.

ನಮ್ಮ ಕೋರಿಕೆ ಬಲು ಚಿಕ್ಕದು. ಕುಂಬಳೆ–ಬದಿಯಡ್ಕ ದಾರಿಯ ಒಂದು ಬಸ್ಸು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಮ್ಮೆ, ಸಂಜೆ ಶಾಲೆ ಬಿಟ್ಟ ಮೇಲೆ ಒಮ್ಮೆ ಕೆರೆಯವರೆಗೆ ಬಂದು ಹೋಗಲಿ. ಖಾಸಗಿಯವರು ಮಕ್ಕಳ ರಿಯಾಯಿತಿ ದರದಿಂದ ನಷ್ಟವೆನ್ನುತ್ತಾರೆ. ಆ ದರ ಏರಿಸಬೇಕೆಂದು 2025ರ ಜುಲೈಯಲ್ಲಿ ಮುಷ್ಕರವನ್ನೂ ಹೂಡಿದ್ದರು. ಅವರ ಲೆಕ್ಕ ಪೂರ್ತಿ ಸುಳ್ಳೆಂದು ನಾವು ಹೇಳೆವು. ಅವರು ಒಪ್ಪದಿದ್ದರೆ ಸರಕಾರಿ ಬಸ್ಸು ಬರಲಿ, ಯಾತ್ರಿಕರೂ ಹತ್ತಿಯಾರು. ಅದರ ಹಣೆಯ ಮೇಲೆ 'ಅನಂತಪುರ' ಎಂದು ಕನ್ನಡದಲ್ಲೂ ಬರೆದಿದ್ದರೆ ಕನ್ನಡ ಮಾತ್ರ ಓದಬಲ್ಲ ಅಜ್ಜಿಯಂದಿರು ಪಕ್ಕದವರನ್ನು ಕೇಳಬೇಕಾಗಿಲ್ಲ.

ಪರವಾನಿಗೆಯ ವಿಷಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರದ ಮುಂದೆ ಬರುವಂಥದು. ಅರ್ಜಿಯನ್ನು ಕನ್ನಡದಲ್ಲೇ ಬರೆಯೋಣ. ಕನ್ನಡದಲ್ಲಿ ಬರೆದುದಕ್ಕೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನು ನಮಗೆ ಕೊಟ್ಟಿದೆ. ಆ ಸುತ್ತಿನ ಪ್ರತಿ ಮನೆಯ ಸಹಿಯೂ ಅದರಲ್ಲಿರಲಿ, ಮಕ್ಕಳನ್ನು ವ್ಯಾನಿಗೆ ಹತ್ತಿಸುವವರದೂ ಇರಲಿ. ತಲೆ ಎಣಿಕೆ ಜೂನಿನಲ್ಲಿ. ಅರ್ಜಿ ಅದಕ್ಕೆ ಮೊದಲೇ ಹೋಗಬೇಕು.