ಗೋಪುರಕ್ಕೆ ಚಂದಾ ಸಿಗುತ್ತೆ, ಸೋರುವ ಚಾವಣಿಗೆ?

ಊರ ದೇವಸ್ಥಾನಕ್ಕೆ ಹೊಸ ಗೋಪುರ ಕಟ್ಟಿಸುತ್ತೇವೆ ಎಂದು ರಸೀದಿ ಪುಸ್ತಕ ಹಿಡಿದು ಹೊರಟರೆ ಬರಿಗೈಯಲ್ಲಿ ಕಳಿಸುವವರು ಕಡಿಮೆ. ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿಸುತ್ತೇವೆ ಎಂದರಂತೂ ಕೈ ಇನ್ನೂ ಸಡಿಲವಾಗುತ್ತದೆ. ಅದೇ, ಚಾವಣಿ ಮೇಲೆ ಹುಟ್ಟಿದ ಅರಳಿ ಗಿಡ ಕೀಳಿಸಬೇಕು, ಮಳೆನೀರು ಹೋಗುವ ದಾರಿ ಬಿಡಿಸಬೇಕು, ಪ್ರತಿ ವರ್ಷ ಇಷ್ಟು ದುಡ್ಡು ಬೇಕು ಎಂದು ಕೇಳಿ ನೋಡಿ. "ನೋಡೋಣ ಬಿಡಿ" ಅನ್ನುತ್ತಾರೆ. ಆ ಗಿಡದ ಬೇರು ಹತ್ತು ವರ್ಷದಲ್ಲಿ ಗೋಡೆ ಸೀಳುತ್ತದೆ. ಆಮೇಲೆ ಜೀರ್ಣೋದ್ಧಾರ ಸಮಿತಿ ಮಾಡುತ್ತೇವೆ.

ಈ ಕಷ್ಟ ನಮಗೊಬ್ಬರಿಗೇ ಅಲ್ಲ. ಇಂಗ್ಲೆಂಡಿನ ಹಳ್ಳಿ ಚರ್ಚುಗಳದ್ದೂ ಇದೇ ಪಾಡು. ಅದಕ್ಕೆ ಅಲ್ಲಿನವರು ಮಾಡಿಕೊಂಡಿರುವ ಒಂದು ಉಪಾಯ ನನಗೆ ಬಹಳ ಹಿಡಿಸಿದೆ.

ಅಲ್ಲಿನ ರಾಜನೇ ಚರ್ಚ್ ಆಫ್ ಇಂಗ್ಲೆಂಡಿನ ಮುಖ್ಯಸ್ಥ. ಹಾಗಾಗಿ ಕಟ್ಟಡಗಳ ಖರ್ಚನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ ಅಂದುಕೊಳ್ಳುವವರು ಬಹಳ. ಹಾಗಿಲ್ಲ. ಹಿಂದೆ ಊರಿನವರೆಲ್ಲ ಚರ್ಚಿನ ತೆರಿಗೆ ಕಟ್ಟಲೇಬೇಕಿತ್ತು. ಆ ಕಡ್ಡಾಯ 1868ರಲ್ಲಿ ಹೋಯಿತು. ಈಗ ಆಯಾ ಊರಿನ ಚರ್ಚ್ ಸಮಿತಿಯೇ ದುಡ್ಡು ಹೊಂದಿಸಬೇಕು. ಈ ಪಂಥದ ಚರ್ಚ್ ಕಟ್ಟಡಗಳೇ ಸುಮಾರು 16 ಸಾವಿರ ಇವೆ. ಅವುಗಳಲ್ಲಿ 12 ಸಾವಿರಕ್ಕೂ ಹೆಚ್ಚು ಕಾನೂನಿನ ರಕ್ಷಣೆ ಇರುವ ಹಳೆಯ ಕಟ್ಟಡಗಳು, ಅಂದರೆ ಮನಸ್ಸಿಗೆ ಬಂದಂತೆ ಸಿಮೆಂಟ್ ಮೆತ್ತುವ ಹಾಗಿಲ್ಲ. ಎಂಟುನೂರು ವರ್ಷದ ಕಲ್ಲಿನ ಕಟ್ಟಡ, ಭಾನುವಾರ ಪ್ರಾರ್ಥನೆಗೆ ಬರುವವರು ಹತ್ತು ಹದಿನೈದು ಮಂದಿ, ಅವರಲ್ಲೂ ಹೆಚ್ಚಿನವರು ವಯಸ್ಸಾದವರು. ಇಂಥ ಊರುಗಳು ಅಲ್ಲಿ ಎಷ್ಟೋ. ಚಾವಣಿಗೆ ಹೊದಿಸಿದ ಸೀಸದ ತಗಡನ್ನು ರಾತ್ರೋರಾತ್ರಿ ಕಿತ್ತು ಮಾರುವ ಕಳ್ಳರ ಕಾಟ ಬೇರೆ.

ಉಪಾಯ ಹೀಗಿದೆ. ಸೆಪ್ಟೆಂಬರ್ ತಿಂಗಳ ಎರಡನೇ ಶನಿವಾರ 'ರೈಡ್ ಆ್ಯಂಡ್ ಸ್ಟ್ರೈಡ್' ಎಂಬ ದಿನ. ಇಂಗ್ಲೆಂಡಿನ ಅನೇಕ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಪ್ರದೇಶಗಳಲ್ಲಿ, ಜನ ಸೈಕಲ್ ಹತ್ತಿ ಅಥವಾ ನಡೆದುಕೊಂಡು ಚರ್ಚಿನಿಂದ ಚರ್ಚಿಗೆ ಹೋಗುತ್ತಾರೆ. ಕುದುರೆ ಮೇಲೆ ಬರುವವರೂ ಉಂಟು. ಹೊರಡುವ ಮುಂಚೆ ಒಂದು ಫಾರಂ ಹಿಡಿದು ನೆಂಟರು, ಅಕ್ಕಪಕ್ಕದವರು, ಜೊತೆ ಕೆಲಸಗಾರರನ್ನು ಕೇಳುತ್ತಾರೆ. "ನೀನು ನೋಡಿದ ಒಂದೊಂದು ಚರ್ಚಿಗೆ ಇಷ್ಟು" ಎಂದೋ, "ಒಟ್ಟು ಇಷ್ಟು" ಎಂದೋ ಅವರು ಬರೆದುಕೊಡುತ್ತಾರೆ. ಆ ದಿನ ಚರ್ಚುಗಳ ಬಾಗಿಲು ತೆರೆದಿರುತ್ತದೆ. ಊರಿನ ಯಾರಾದರೊಬ್ಬರು ಮೇಜು ಹಾಕಿಕೊಂಡು ಕೂತು, ಬಂದವರಿಗೆ ನೀರು ಬಿಸ್ಕತ್ತು ಕೊಟ್ಟು ಫಾರಂಗೆ ಸಹಿ ಹಾಕುತ್ತಾರೆ. ಮೆಥಡಿಸ್ಟ್, ಕ್ಯಾಥೊಲಿಕ್ ಮುಂತಾದ ಬೇರೆ ಪಂಥಗಳ ಚರ್ಚುಗಳೂ ಸೇರಿಕೊಳ್ಳುತ್ತವೆ. ದೇವರನ್ನು ನಂಬದವರೂ ಬರಬಹುದು, ದುಡ್ಡು ಕೊಡಬಹುದು.

ನನಗೆ ಹಿಡಿಸಿದ್ದು ಸೈಕಲ್ಲಲ್ಲ, ದುಡ್ಡು ಹಂಚುವ ಕ್ರಮ. ಸಾಮಾನ್ಯವಾಗಿ ಬಂದದ್ದರಲ್ಲಿ ಅರ್ಧ, ಸೈಕಲ್ ತುಳಿದವರು ಹೇಳಿದ ಚರ್ಚಿಗೆ. ಇನ್ನರ್ಧ ಕೌಂಟಿಯ ಹಳೆಯ ಚರ್ಚುಗಳ ಟ್ರಸ್ಟಿಗೆ. ಆ ಟ್ರಸ್ಟು ಅದನ್ನು ರಿಪೇರಿ ಬೇಕಾದ ಚರ್ಚುಗಳಿಗೆ ಕೊಡುತ್ತದೆ. ಅಂದರೆ ನಾನು ನಮ್ಮೂರಿಗಾಗಿ ಬೆವರು ಹರಿಸಿದರೂ ಅರ್ಧ ಪಕ್ಕದೂರಿಗೆ. ಸೈಕಲ್ ತುಳಿಯುವ ಹುಡುಗರೇ ಇಲ್ಲದ ಊರಿನ ಚಾವಣಿಯೂ ಹೀಗೆ ಉಳಿಯುತ್ತದೆ.

ಇದರಿಂದ ಎಲ್ಲ ಬಗೆಹರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂದು ಚಾವಣಿ ಪೂರ್ತಿ ಬದಲಿಸುವ ಖರ್ಚಿನ ಮುಂದೆ ಒಬ್ಬರು ಒಂದು ದಿನ ತರುವ ದುಡ್ಡು ಏನೇನೂ ಅಲ್ಲ. ಮಳೆ ಹಿಡಿದರೆ ಬರುವವರೂ ಕಡಿಮೆ. ಆದರೆ ದೊಡ್ಡ ಅನುದಾನ ಕೊಡುವ ಸಂಸ್ಥೆಗಳು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ನಿಮ್ಮೂರಿನವರು ಎಷ್ಟು ಕೂಡಿಸಿದ್ದೀರಿ?" ಅದಕ್ಕೆ ಉತ್ತರ ಕೊಡಲು ಈ ಚಿಲ್ಲರೆ ದುಡ್ಡೇ ಬೇಕು. ಇನ್ನೊಂದು ಲಾಭವೂ ಇದೆ. ನೂರಾರು ಕಣ್ಣು ಕಟ್ಟಡ ನೋಡಿ ಹೋಗುತ್ತವೆ. ಗೋಡೆಯ ಹಸಿ, ಒಡೆದ ಹೆಂಚು ಬೇಗ ಗೊತ್ತಾಗುತ್ತದೆ.

ನಮ್ಮಲ್ಲಿ ಮುಜರಾಯಿ ಇಲಾಖೆಯ ಕೆಳಗೆ 34 ಸಾವಿರದಷ್ಟು ದೇವಸ್ಥಾನಗಳಿವೆ. ಬಹುಪಾಲು ಸಿ ದರ್ಜೆಯವು, ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೆಯ ದೇವಸ್ಥಾನಗಳನ್ನು ಕೈಗೆತ್ತಿಕೊಂಡು ದುರಸ್ತಿ ಮಾಡಿಸುತ್ತದೆ, ಅದರಲ್ಲೂ ಊರಿನವರ ಪಾಲು ಇರುತ್ತದೆ. ಆದರೆ ದುರಸ್ತಿ ಆದ ಮೇಲೆ ವರ್ಷ ವರ್ಷ ಗಿಡ ಕೀಳುವವರು ಯಾರು? ಮೈಲಿಗಟ್ಟಲೆ ಪಾದಯಾತ್ರೆ ಮಾಡುವ ಕಾಲು ನಮ್ಮಲ್ಲಿ ಬೇಕಾದಷ್ಟಿವೆ. ಮುಂಗಾರಿಗೆ ಮುಂಚೆ ಒಂದು ಭಾನುವಾರ ಒಂದು ಹೋಬಳಿಯ ಹತ್ತು ಜಾಗ ಸುತ್ತಲಿ. ಗುಡಿ, ಬಸದಿ, ದರ್ಗಾ, ಚರ್ಚು ಎಲ್ಲ ಸೇರಲಿ. ಅರ್ಧ ದುಡ್ಡು ನಮ್ಮೂರಿಗೆ, ಅರ್ಧ ಹೋಬಳಿಗೆ. ಲೆಕ್ಕ ಬರೆದು ಗೋಡೆಗೆ ಅಂಟಿಸಲಿ. ಪುರಾತತ್ವ ಇಲಾಖೆಯ ಬೋರ್ಡ್ ಇರುವ ಕಡೆ ಅವರನ್ನು ಕೇಳದೆ ಕಲ್ಲು ಮುಟ್ಟುವುದು ಬೇಡ.

ಮೊದಲ ವರ್ಷ ಹತ್ತು ಜನ ಬಂದರೂ ಸಾಕು. ಒಂದು ಏಣಿ ಕೊಳ್ಳುವಷ್ಟು, ಚಾವಣಿ ಹತ್ತಿ ಕಸ ತೆಗೆಯುವವರಿಗೆ ಕೂಲಿ ಕೊಡುವಷ್ಟು ದುಡ್ಡಾದರೆ ಆ ವರ್ಷದ ಮಳೆಗಾಲ ಕಳೆಯುತ್ತದೆ.