ಸಿಮೆಂಟಿನಡಿ ಸೇರಿದ ಹಿತ್ತಲು

ಕಾನಹೊಸಹಳ್ಳಿಯ ಸುತ್ತಿನ ಊರುಗಳಲ್ಲಿ ಹೊಸ ಮನೆ ಎದ್ದಾಗ ಮೊದಲು ಬಲಿಯಾಗುವುದು ಹಿತ್ತಲು. ಗೋಡೆಯಿಂದ ಕಾಂಪೌಂಡಿನವರೆಗೆ ಸಿಮೆಂಟು ಸುರಿದು ಟೈಲ್ಸ್ ಹಾಸಿದರೇ ಮನೆ ಪೂರ್ಣವಾಯಿತೆಂಬ ಭಾವನೆ ಬೇರೂರಿದೆ. ಕೆಸರಿಲ್ಲ, ಕಸವಿಲ್ಲ; ದಿನವೂ ಬಗ್ಗಿ ಸಗಣಿ ಸಾರಿಸುತ್ತಿದ್ದ ಹೆಣ್ಣುಮಕ್ಕಳಿಗೆ ಇದು ಸಣ್ಣ ಬಿಡುಗಡೆಯಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಇದರ ಬೆಲೆ ತಿಳಿಯುವುದು ಏಪ್ರಿಲ್ ತಿಂಗಳಲ್ಲಿ. ಹಗಲೆಲ್ಲ ಬಿಸಿಲು ಹೀರಿದ ಕಾಂಕ್ರೀಟು ರಾತ್ರಿ ಆ ಕಾವನ್ನು ಹೊರಸೂಸುತ್ತದೆ. ಅಂಗಳದಲ್ಲಿ ಚಾಪೆ ಹಾಸಿ ಮಲಗುತ್ತಿದ್ದವರು ಫ್ಯಾನಿನಡಿ ಸೇರುತ್ತಾರೆ. ಕರೆಂಟು ಹೋದರೆ ಅದೂ ಇಲ್ಲ.

ಕೂಡ್ಲಿಗಿ ಸೀಮೆಯ ಕೆಂಪು ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವಂಥದು. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲಿನಲ್ಲಿ 25 ಮಿ.ಮೀ. ಮಳೆಯ ಒಂದೇ ಸಂಜೆಗೆ ಸುಮಾರು 700 ಲೀಟರ್. ಟೈಲ್ಸ್ ಹಾಸಿದ ಮನೆಯಲ್ಲಿ ಇದು ಜಾರಿ ಚರಂಡಿ ಸೇರುತ್ತದೆ. ಅದೇ ಮನೆಯವರು ಬೇಸಿಗೆಯಲ್ಲಿ ಕೊಡ ಹಿಡಿದು ಕೊಳವೆಬಾವಿಯ ನೀರಿಗೆ ಕಾಯುತ್ತಾರೆ. ಆ ನೀರಿನ ಫ್ಲೋರೈಡ್ ಬಾಧೆಯೂ ಈ ಸೀಮೆಗೆ ಹೊಸದಲ್ಲ. ಗುಡ್ಡ ಉಳಿಸಿ, ಕೆರೆ ತುಂಬಿಸಿ ಎಂದು ಸಭೆಗಳಲ್ಲಿ ಮಾತನಾಡುವವರ ಮನೆಯಂಗಳವೂ ಇದಕ್ಕೆ ಹೊರತಾಗಿಲ್ಲ.

ಹಿಂದಿನ ಹಿತ್ತಲಿಗೆ ಪ್ರತ್ಯೇಕ ನೀರು ಯಾರೂ ಹೊರುತ್ತಿರಲಿಲ್ಲ. ಬಚ್ಚಲ ನೀರು ಹರಿದಲ್ಲಿ ಬಾಳೆ, ಪಕ್ಕದಲ್ಲಿ ನುಗ್ಗೆ, ಕರಿಬೇವು. ಹಂದರದ ಮೇಲೆ ಹೀರೆ, ಅವರೆ. ಪಡುವಣ ದಿಕ್ಕಿಗೆ ಬೇವು. ಇಳಿಹೊತ್ತಿನ ಬಿಸಿಲನ್ನು ಆ ಬೇವು ತಡೆದರೆ, ಅದರ ನೆರಳಿನ ಕಟ್ಟೆಯೇ ಮನೆಯ ವಿಶಾಲ ಕೋಣೆಯಾಗಿತ್ತು. ಇದನ್ನು ಮರಳಿ ಕಟ್ಟುವುದು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಕೂರುವ ಜಾಗಕ್ಕೆ ಕಲ್ಲುಚಪ್ಪಡಿಗಳನ್ನು ಸಿಮೆಂಟಿಲ್ಲದೆ, ಮರಳಿನ ಮೇಲೆ ಸಂದು ಬಿಟ್ಟು ಹಾಸಿದರೆ ಕೆಸರೂ ಇಲ್ಲ, ನೀರಿಗೆ ತಡೆಯೂ ಇಲ್ಲ. ಗಿಡಗಳನ್ನು ಬೇಸಿಗೆಯಲ್ಲಿ ನೆಟ್ಟು ಒಣಗಿಸುವ ಬದಲು ಜೂನ್ ಮಳೆಗೆ ನೆಡಬೇಕು. ಬುಡಕ್ಕೆ ಶೇಂಗಾ ಹೊಟ್ಟು ಹೊದಿಸಬೇಕು. ಶೇಂಗಾ ಬೆಳೆಯುವ ನಾಡಿನಲ್ಲಿ ಹೊಟ್ಟಿಗೇನು ಬರ? ಸೋಪಿನ ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಬಿಡದೆ, ಜಲ್ಲಿ ತುಂಬಿದ ಗುಂಡಿಯ ಮೂಲಕ ಬಾಳೆಯ ಬುಡಕ್ಕೆ ಹರಿಸುವುದು ಲೇಸು.

2005ರ ಉದ್ಯೋಗ ಖಾತರಿ ಕಾಯಿದೆಯಡಿ ಬಚ್ಚಲುಗುಂಡಿಗಳನ್ನೂ ಪೌಷ್ಟಿಕ ಕೈತೋಟಗಳನ್ನೂ ಪಂಚಾಯಿತಿಗಳು ಕೈಗೊಂಡವು. ಇವೆರಡೂ ಬೇರೆ ಬೇರೆ ಕಾಮಗಾರಿಗಳಾಗಿ ಕಡತ ಸೇರಿದ್ದೇ ದೋಷ. ಗುಂಡಿಯ ಪಕ್ಕದಲ್ಲೇ ಗಿಡವಿರಬೇಕಿತ್ತು. ಇನ್ನು ಓಣಿಗಳ ಸಿ.ಸಿ. ರಸ್ತೆ: ಮನೆಯ ಗೋಡೆಗೆ ತಾಗುವಂತೆ ಕಾಂಕ್ರೀಟು ಸುರಿಯುವ ಪದ್ಧತಿ ನಿಲ್ಲಬೇಕು. ಇಕ್ಕೆಲಗಳಲ್ಲಿ ಒಂದೊಂದು ಮೊಳ ಮಣ್ಣು ಬಿಡುವಂತೆ, ಅಂದಾಜುಪಟ್ಟಿ ಸಿದ್ಧವಾಗುವ ಮೊದಲೇ, ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳೂ ವಿದ್ಯಾರ್ಥಿಗಳೂ ಎದ್ದು ಕೇಳಬೇಕು.